‘ಬೇಕಾ’ ಅಲ್ಲ, ‘ಬೇಕು’: ಆಟಿಸಂ ಇರುವ ಮಗುವಿಗೆ ಮನೆಯಲ್ಲಿ ಕಲಿಸುವವರು ಯಾವ ಸಾಮಗ್ರಿ ಹಿಡಿಯಬೇಕು

ಮಗುವಿಗೆ ನೀರು ಕೊಡುವ ಮುಂಚೆ ನಮ್ಮ ಮನೆಗಳಲ್ಲಿ ಕೇಳುವ ಮಾತು ಒಂದೇ: ‘ನೀರು ಬೇಕಾ?’ ಆಟಿಸಂ ಇರುವ ಎಷ್ಟೋ ಮಕ್ಕಳು ಕೇಳಿದ್ದನ್ನು ಕೇಳಿದ ಹಾಗೇ ತಿರುಗಿ ಹೇಳುತ್ತವೆ. ಹಾಗಾಗಿ ಬಾಯಾರಿದಾಗ ಅಡುಗೆಮನೆ ಬಾಗಿಲಿಗೆ ಬಂದು ‘ನೀರು ಬೇಕಾ?’ ಅನ್ನುತ್ತವೆ. ಅಜ್ಜಿ ‘ನಂಗೆ ಬ್ಯಾಡ ಪುಟ್ಟಾ’ ಅಂತಾರೆ. ಕೇಳಿದ್ದು ಸಿಗದ ಮಗು ಐದು ನಿಮಿಷ ಬಿಟ್ಟು ಲೋಟ ಎಸೆಯುತ್ತದೆ. ಎಲ್ಲರೂ ನೋಡುವುದು ಲೋಟ ಎಸೆದದ್ದನ್ನು ಮಾತ್ರ.

ಇಂಗ್ಲಿಷಿನ ತರಬೇತಿ ವಿಡಿಯೊಗಳಲ್ಲಿ ಈ ‘ಬೇಕಾ’ ಸಮಸ್ಯೆ ಇದೇ ರೂಪದಲ್ಲಿ ಬರುವುದಿಲ್ಲ, ಯಾಕೆಂದರೆ ಅದು ಕನ್ನಡದ ಕ್ರಿಯಾಪದದ ಕೊನೆಯಲ್ಲಿ ಕೂತಿರುವ ಸಮಸ್ಯೆ. ‘ಮಲಗ್ತೀಯಾ?’ ಅಂತ ಕೇಳಿದರೆ ನಿದ್ದೆ ಬಂದ ಮಗು ‘ಮಲಗ್ತೀಯಾ’ ಅಂತಲೇ ಹೇಳುತ್ತದೆ. ಉಪಾಯ ಸರಳ. ಹೇಳಿಕೊಡುವಾಗ ಪ್ರಶ್ನೆ ಕೇಳಬೇಡಿ. ಮಗು ಹೇಳಬೇಕಾದ ಮಾತನ್ನು ಮಗುವಿನ ಬಾಯಲ್ಲಿ ಹೇಗಿರಬೇಕೋ ಹಾಗೇ ಹೇಳಿ. ಲೋಟ ಕೈಯಲ್ಲಿ ಹಿಡಿದು, ಮಗುವಿನ ಎತ್ತರಕ್ಕೆ ಕೂತು, ಮನಸ್ಸಲ್ಲೇ ಐದು ಎಣಿಸಿ ಕಾಯಿರಿ. ಮಾತು ಬರಲಿಲ್ಲವೋ, ‘ನೀರು ಬೇಕು’ ಅಂತ ಒಂದೇ ಸಲ ಹೇಳಿ. ಮಗು ‘ಬೇಕು’ ಅಂದರೂ, ‘ನೀ’ ಅಂದರೂ, ಕೈ ಚಾಚಿದರೂ ಸರಿ, ತಕ್ಷಣ ಎರಡು ಗುಟುಕು ಕೊಡಿ. ಲೋಟ ತುಂಬ ಕೊಟ್ಟರೆ ಆ ಹೊತ್ತಿಗೆ ಪಾಠ ಮುಗಿಯಿತು. ಎರಡೆರಡು ಗುಟುಕಾದರೆ ಅದೇ ಲೋಟದಲ್ಲಿ ಐದಾರು ಅವಕಾಶ ಸಿಗುತ್ತದೆ. ಆದರೆ ತುಂಬಾ ಬಾಯಾರಿ ಬಂದ ಮಗುವಿಗೆ ಮೊದಲು ನೀರು, ಪಾಠ ಆಮೇಲೆ. ಕೆಲವು ದಿನ ಕಳೆದ ಮೇಲೆ ನಿಮ್ಮ ಸುಳಿವನ್ನು ‘ನೀ…’ ಅನ್ನುವಷ್ಟಕ್ಕೆ ಇಳಿಸಿ, ಆಮೇಲೆ ಬರೀ ಕಾಯುವುದು.

ಒಂದೂ ಪದ ಆಡದ ಮಗುವಾದರೆ ‘ಬೇಕು’ ಇಂದ ಶುರು ಮಾಡಬೇಡಿ. ‘ಬೇಕು’ ಒಂದೇ ಕಲಿತ ಮಗು ಎಲ್ಲದಕ್ಕೂ ‘ಬೇಕು’ ಅನ್ನುತ್ತದೆ, ಏನು ಬೇಕು ಅಂತ ಹುಡುಕುತ್ತಾ ಮನೆಯವರೂ ಸೋಲುತ್ತಾರೆ, ಮಗುವೂ ಸೋಲುತ್ತದೆ. ಮೊದಲು ವಸ್ತುವಿನ ಹೆಸರು: ನೀರು, ಬಾಳೆಹಣ್ಣು, ಉಯ್ಯಾಲೆ, ಚೆಂಡು. ಹತ್ತು ಹದಿನೈದು ಹೆಸರು ಬಂದ ಮೇಲೆ ‘ಬೇಕು’ ಜೋಡಿಸಿ. ಅದರ ಜೊತೆಗೇ ‘ಬೇಡ’ ಕಲಿಸಿ, ‘ಬೇಡ’ ಅಂದಾಗ ಆ ವಸ್ತುವನ್ನು ನಿಜವಾಗಿಯೂ ಹಿಂದೆ ತೆಗೆದುಕೊಳ್ಳಿ. ಕಚ್ಚುವ, ತಳ್ಳುವ ಎಷ್ಟೋ ನಡತೆಗಳು ಹೇಳಲು ಬಾರದ ‘ಬೇಡ’ಗಳೇ ಆಗಿರುತ್ತವೆ.

ಮನೆಯಲ್ಲಿ ತುಳು, ಬ್ಯಾರಿ, ಉರ್ದು, ಕೊಂಕಣಿ ಆಡುವವರು ಚಿಕ್ಕಮಗಳೂರು, ಸಕಲೇಶಪುರದ ಕಡೆ ಬೇಕಾದಷ್ಟು ಇದ್ದಾರೆ. ‘ಒಂದೇ ಭಾಷೆ ಆಡಿ, ಇಲ್ಲದಿದ್ದರೆ ಮಾತು ಬರಲ್ಲ’ ಎಂಬ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಅನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಮ್ಮನಿಗೆ ಯಾವ ಭಾಷೆಯಲ್ಲಿ ಮುದ್ದು ಬರುತ್ತದೋ ಅದರಲ್ಲೇ ಕಲಿಸಲಿ.

ಇಷ್ಟನ್ನು ಮೊದಲೇ ಹೇಳಲು ಕಾರಣ ಇದೆ. ಒಳ್ಳೆಯ ಸಾಮಗ್ರಿ ಹುಡುಕುವುದು ಅರ್ಧ ಕೆಲಸ, ಅದನ್ನು ನಮ್ಮ ಮನೆಯ ಮಾತಿಗೆ, ಚೊಂಬಿಗೆ, ಮಳೆಗೆ ಹೊಂದಿಸುವುದು ಉಳಿದರ್ಧ. ಹೊಂದಿಸದೆ ಇದ್ದದ್ದು ಇದ್ದ ಹಾಗೇ ತಂದರೆ ಹದಿನೈದು ದಿನದಲ್ಲಿ ಮೂಲೆ ಸೇರುತ್ತದೆ.

ಈಗ ಸಾಮಗ್ರಿಗೆ ಬರೋಣ. ಅಂತರ್ಜಾಲದಲ್ಲಿ ‘ಎಬಿಎ’ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಅಂದರೆ ನಡತೆಯ ಕಾರಣ ನೋಡಿ ಸಣ್ಣ ಹಂತಗಳಲ್ಲಿ ಕಲಿಸುವ ಪದ್ಧತಿ) ಅಂತ ಹುಡುಕಿದ ಕೂಡಲೇ ಎದುರಾಗುವುದು ‘ವಾರಕ್ಕೆ 40 ಗಂಟೆ’ ಎಂಬ ಸಂಖ್ಯೆ. ಅದು ಬಂದದ್ದು ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಐವಾರ್ ಲೊವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ತೀವ್ರ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿದರು ಎಂಬುದು ಅದರ ಸುದ್ದಿ. ಆ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಿಗೆ ಹಂಚಿರಲಿಲ್ಲ. ಗದರುವುದು, ತೊಡೆಗೆ ಹೊಡೆಯುವುದು ಕೂಡ ಆ ಪದ್ಧತಿಯ ಭಾಗವಾಗಿತ್ತು. ಈ ಎರಡು ಸಂಗತಿ ಜಾಹೀರಾತುಗಳಲ್ಲಿ ಇರುವುದಿಲ್ಲ. 140ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2024ರ ಒಂದು ವಿಶ್ಲೇಷಣೆಯಲ್ಲಿ, ಗಂಟೆ ಹೆಚ್ಚಾದಂತೆ ಫಲವೂ ಹೆಚ್ಚಾಗುತ್ತದೆ ಎಂಬ ಸ್ಪಷ್ಟ ಸಂಬಂಧ ಕಾಣಲಿಲ್ಲ. ಅರಕಲಗೂಡಿನಲ್ಲೋ ಮೂಡಿಗೆರೆಯಲ್ಲೋ ಕೂತು ‘ನಮ್ಮ ಮಗುವಿಗೆ 40 ಗಂಟೆ ಕೊಡಿಸಲು ಆಗಲಿಲ್ಲ’ ಅಂತ ಕೊರಗುವ ತಂದೆತಾಯಿ ದಯವಿಟ್ಟು ಆ ಕೊರಗನ್ನು ಬಿಡಿ.

ಉಚಿತವಾಗಿ ಸಿಗುವುದರಲ್ಲಿ ಮೊದಲು ನೋಡಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ಪೋಷಕರ ಕೌಶಲ ತರಬೇತಿ. 2ರಿಂದ 9 ವರ್ಷದ ಮಕ್ಕಳ ಮನೆಯವರಿಗಾಗಿ ಮಾಡಿದ್ದು. ಮೂಲ ರೂಪದಲ್ಲಿ 9 ಗುಂಪು ತರಗತಿ, 3 ಮನೆಭೇಟಿ. ಆನ್‌ಲೈನ್ ಪಾಠಗಳೂ ಇವೆ. ಪರಿಣತರೇ ಇಲ್ಲದ ಊರುಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದಾದ್ದರಿಂದ ಬಟ್ಟೆ ಮಡಚುವುದು, ತರಕಾರಿ ತೊಳೆಯುವುದು, ಊಟ, ಆಟ ಇವೇ ಅದರ ಪಾಠಶಾಲೆ. ಎರಡನೆಯದು ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ‘ಅಫರ್ಮ್’ ಪಾಠಗಳು. 2020ರ ಪರಿಶೀಲನೆಯಲ್ಲಿ ಸಾಕ್ಷ್ಯ ಇದೆ ಅಂತ ಗುರುತಿಸಿದ 28 ವಿಧಾನಗಳ ಪಟ್ಟಿಯನ್ನು ಆಧರಿಸಿದ್ದು. 28ನ್ನೂ ಓದಲು ಕೂರಬೇಡಿ. ರೀಇನ್‌ಫೋರ್ಸ್‌ಮೆಂಟ್ (ಸರಿ ಮಾಡಿದ ಕೂಡಲೇ ಇಷ್ಟದ್ದು ಕೊಡುವುದು), ಪ್ರಾಂಪ್ಟಿಂಗ್ (ಸುಳಿವು, ನೆರವು ಕೊಡುವುದು), ಟಾಸ್ಕ್ ಅನಾಲಿಸಿಸ್ (ಕೆಲಸವನ್ನು ಹಂತಗಳಾಗಿ ಒಡೆಯುವುದು), ಫಂಕ್ಷನಲ್ ಕಮ್ಯುನಿಕೇಶನ್ ಟ್ರೈನಿಂಗ್ (ಕೂಗಾಟದ ಬದಲು ಕೇಳುವ ದಾರಿ ಕಲಿಸುವುದು), ಈ ನಾಲ್ಕು ಮನೆಗೆ ಸಾಕು. ಪಾಠದ ಜೊತೆ ಬರುವ ಹಂತಪಟ್ಟಿಯನ್ನು ಜೆರಾಕ್ಸ್ ಮಾಡಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಓದುವವರು ಮನೆಯಲ್ಲಿ ಯಾರಾದರೂ ಒಬ್ಬರು ಇದ್ದರೆ ಎರಡು ಸಂಜೆಯ ಕೆಲಸ.

ಭಾರತದ್ದೇ ಅನುಭವ ಬೇಕು ಅನ್ನುವವರಿಗೆ ಗೋವಾದ ಸಂಗಾತ್ ಸಂಸ್ಥೆಯವರ ಕೆಲಸ ಗೊತ್ತಿರಲಿ. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪರಿಣತರಲ್ಲದ ಕಾರ್ಯಕರ್ತರು 65 ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳ ಮನೆಯವರಿಗೆ ಆರು ತಿಂಗಳು ತರಬೇತಿ ಕೊಟ್ಟರು. ತಂದೆತಾಯಿ ಮಗುವಿಗೆ ಸ್ಪಂದಿಸುವ ರೀತಿ ಬದಲಾಯಿತು, ಮಗು ತಾನಾಗಿ ಮಾತಿಗೆ, ಆಟಕ್ಕೆ ಮುಂದಾಗುವುದು ಹೆಚ್ಚಿತು. ಇದು ಶುದ್ಧ ಎಬಿಎ ಅಲ್ಲ, ಮಗುವಿನ ಹಿಂದೆ ಹೋಗುವ ಪದ್ಧತಿ. ಆದರೂ ಇಲ್ಲಿ ಸೇರಿಸುತ್ತಿದ್ದೇನೆ, ಯಾಕೆಂದರೆ ಪಟ್ಟಣಕ್ಕೆ ವಾರಕ್ಕೊಮ್ಮೆ ಬಂದು ಹೋಗುವುದೊಂದೇ ದಾರಿಯಲ್ಲ, ಮನೆಯವರು ಕಲಿತರೂ ಫಲ ಇದೆ ಎಂಬುದಕ್ಕೆ ನಮ್ಮಂಥ ಜನರ ನಡುವೆ ಸಿಕ್ಕಿದ ಸಾಕ್ಷಿ ಅದು. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್. ಬಸ್ಸಿನ ಹಾರ್ನು, ನೂಕುನುಗ್ಗಲು ದಾಟಿ ಬಂದ ಮಗುವಿಗೆ ಮೊದಲ ಇಪ್ಪತ್ತು ನಿಮಿಷ ಸುಧಾರಿಸಿಕೊಳ್ಳಲೇ ಬೇಕು.

ಯಾವುದೇ ವಿಡಿಯೊ, ಪುಸ್ತಕ ಸಿಕ್ಕಿದರೂ ಮೂರು ಕಡೆ ಕಣ್ಣಾಡಿಸಿ. ನಡತೆ ಯಾಕೆ ಆಗುತ್ತಿದೆ ಅಂತ ಮೊದಲು ಕೇಳುತ್ತದೆಯೋ, ನೇರ ‘ನಿಲ್ಲಿಸುವುದು ಹೇಗೆ’ಗೆ ಹಾರುತ್ತದೆಯೋ? ಕೈ ಬೀಸುವುದು, ತೂಗಾಡುವುದು ಇಂಥ ಯಾರಿಗೂ ತೊಂದರೆ ಕೊಡದ ಚಲನೆಗಳನ್ನು ಕೂಡ ಅಳಿಸಲು ಹೊರಟಿದೆಯೋ? ‘ನನ್ನ ಕಣ್ಣು ನೋಡು’ ಅಂತ ಗಲ್ಲ ಹಿಡಿದು ತಿರುಗಿಸುವುದನ್ನು ಪಾಠ ಅನ್ನುತ್ತದೆಯೋ? ಬೆಳೆದು ದೊಡ್ಡವರಾದ ಆಟಿಸಂ ಇರುವವರು ತಮಗೆ ಚಿಕ್ಕಂದಿನಲ್ಲಿ ನೋವಾದದ್ದು ಇಂಥವುಗಳಿಂದ ಅಂತ ಬರೆದಿದ್ದಾರೆ, ಆ ಮಾತನ್ನು ಗೌರವಿಸಬೇಕು. ಮಗು ಶಬ್ದ ಬಂದ ಕಡೆ ತಿರುಗಿದರೆ, ಕೈಯಲ್ಲಿರುವ ವಸ್ತುವನ್ನು ನೋಡಿದರೆ ಕಲಿಕೆಗೆ ಅಷ್ಟು ಗಮನ ಸಾಕು. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಆಟಿಸಂ ವಾಸಿ ಅನ್ನುವ ಜಾಹೀರಾತು ಕಂಡರೆ ಅಲ್ಲಿಗೇ ಮುಚ್ಚಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಒಪ್ಪಿರುವುದು ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಕಸಿಯನ್ನು ಮಾತ್ರ.

ನಡತೆಯ ಕಾರಣ ಹುಡುಕಲು ಬೇಕಾದದ್ದು ಒಂದು ನೋಟ್‌ಬುಕ್. ಅಡ್ಡಕ್ಕೆ ನಾಲ್ಕು ಕಾಲಂ ಹಾಕಿ: ಹೊತ್ತು, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆದ ತಕ್ಷಣ ಏನಾಯಿತು. ಏಳರಿಂದ ಹತ್ತು ದಿನ ಬರೆಯಿರಿ. ‘ಹಟ ಮಾಡಿದ’ ಅಂತ ಬರೆಯಬೇಡಿ; ‘ನೆಲದ ಮೇಲೆ ಬಿದ್ದು ನಾಲ್ಕು ನಿಮಿಷ ಕೂಗಿದ’ ಅಂತ ಬರೆಯಿರಿ, ಕಣ್ಣಿಗೆ ಕಂಡದ್ದು, ಎಣಿಸಲು ಬರುವಂಥದ್ದು. ಕೊನೆಯ ಕಾಲಂ ತುಂಬುವುದನ್ನು ಬಹಳ ಜನ ಮರೆಯುತ್ತಾರೆ, ಉತ್ತರ ಇರುವುದೇ ಅಲ್ಲಿ. ಹತ್ತು ದಿನದ ಹಾಳೆ ಒಟ್ಟಿಗೆ ಇಟ್ಟಾಗ ಸಾಮಾನ್ಯವಾಗಿ ಈ ನಾಲ್ಕು ಕಾರಣಗಳಲ್ಲಿ ಒಂದು ಎದ್ದು ಕಾಣುತ್ತದೆ: ಬೇಕಾದ್ದು ಸಿಗಲಿ ಅಂತ, ಯಾರಾದರೂ ತನ್ನ ಕಡೆ ನೋಡಲಿ ಅಂತ, ಇದರಿಂದ ತಪ್ಪಿಸಿಕೊಳ್ಳಬೇಕು ಅಂತ, ಮೈಗೆ ಹಿತ ಅನ್ನಿಸುತ್ತದೆ ಅಂತ. ಒಂದೇ ಕೂಗಿಗೆ ಬೇರೆ ಬೇರೆ ಕಾರಣ ಇರಬಹುದು. ಮಿಕ್ಸಿ ಹಾಕಿದಾಗ ಕೂಗಿ ಹೊರಗೆ ಓಡುವ ಮಗು ತಪ್ಪಿಸಿಕೊಳ್ಳುತ್ತಿದೆ. ಅದನ್ನು ಶಿಕ್ಷೆ ಅಂತ ಹೊರಗೆ ಕಳಿಸಿದರೆ ಅದು ಕೇಳಿದ್ದನ್ನೇ ಕೊಟ್ಟ ಹಾಗಾಯಿತು. ಅಲ್ಲಿ ಮಾಡಬೇಕಾದದ್ದು ಮಿಕ್ಸಿ ಹಾಕುವ ಮುಂಚೆ ಹೇಳುವುದು, ಕಿವಿ ಮುಚ್ಚಿಕೊಳ್ಳುವುದನ್ನೋ ‘ಹೊರಗೆ’ ಅಂತ ಹೇಳಿ ಹೋಗುವುದನ್ನೋ ಕಲಿಸುವುದು.

ನೋಟ್‌ಬುಕ್ ತೆರೆಯುವ ಮುಂಚೆ ಮೈ ನೋಡಿ. ಇದ್ದಕ್ಕಿದ್ದಂತೆ ತಲೆ ಹೊಡೆದುಕೊಳ್ಳಲು ಶುರು ಮಾಡಿದ ಮಗುವಿಗೆ ಕಿವಿನೋವು, ಹಲ್ಲುನೋವು, ಮಲಬದ್ಧತೆ ಇರಬಹುದು. ಗಾಯ ಆಗುವಷ್ಟು ತನಗೆ ತಾನೇ ಹೊಡೆದುಕೊಳ್ಳುವ ಮಗುವಿನ ಮೇಲೆ ಮನೆಯಲ್ಲಿ ಯಾವ ಪ್ರಯೋಗವೂ ಬೇಡ. ಮೊದಲು ವೈದ್ಯರು.

ಇಂಗ್ಲಿಷ್ ಸಾಮಗ್ರಿಯಲ್ಲಿ ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವ, ನಮ್ಮ ಕೂಡುಮನೆಗಳಲ್ಲಿ ಎಲ್ಲವನ್ನೂ ಕೆಡಿಸುವ ಒಂದು ವಿಷಯ ಇದೆ. ಅತ್ತಾಗ ಮೊಬೈಲ್ ಕೊಡುತ್ತಿದ್ದವರು ಕೊಡುವುದನ್ನು ನಿಲ್ಲಿಸಿದರೆ ಎಷ್ಟೋ ಸಲ ಅಳು ಮೊದಲು ಇಳಿಯುವುದಿಲ್ಲ, ಏರುತ್ತದೆ. ಮೊದಲ ಕೆಲವು ದಿನ ಅತಿ ಜೋರಾಗಿರಬಹುದು. ಆ ಹೊತ್ತಿಗೆ ತಾತ ‘ಪಾಪ, ಮಗು’ ಅಂತ ಫೋನ್ ಕೊಟ್ಟರೆ ಮಗು ಕಲಿಯುವುದು ಒಂದೇ: ಹತ್ತು ನಿಮಿಷಕ್ಕೆ ಸಿಗಲಿಲ್ಲ ಅಂದರೆ ಮೂವತ್ತು ನಿಮಿಷ ಅಳಬೇಕು. ಒಮ್ಮೆ ಕೊಟ್ಟು ಒಮ್ಮೆ ಬಿಟ್ಟು ಮಾಡುವುದು ಪ್ರತಿ ಸಲ ಕೊಡುವುದಕ್ಕಿಂತ ಗಟ್ಟಿಯಾಗಿ ಬೇರೂರುತ್ತದೆ. ಹಾಗಾಗಿ ಮನೆಯವರೆಲ್ಲ ಒಪ್ಪುವ ತನಕ ಶುರು ಮಾಡಬೇಡಿ. ಶುರು ಮಾಡುವಾಗ ಬರೀ ನಿಲ್ಲಿಸಬೇಡಿ, ಅಳದೆ ಕೇಳುವ ದಾರಿಯೊಂದನ್ನು, ಒಂದು ಪದವೋ ಕಾರ್ಡೋ, ಕೈಗೆ ಕೊಡಿ. ಮೊದಮೊದಲು ಹಾಗೆ ಕೇಳಿದಾಗಲೆಲ್ಲ ಎರಡು ನಿಮಿಷಕ್ಕೆ ಫೋನ್ ಸಿಗಲೇಬೇಕು.

‘ತಿಂಡಿ ಕೊಟ್ಟು ಕಲಿಸೋದು ಲಂಚ ಅಲ್ವಾ?’ ಎಂಬುದು ಮನೆಯ ಹಿರಿಯರು ತಪ್ಪದೆ ಕೇಳುವ ಪ್ರಶ್ನೆ. ಕೂಗಾಟ ನಿಲ್ಲಿಸಲಿ ಅಂತ ನಡುವೆ ಕೊಡುವುದು ಲಂಚ; ಕೆಲಸ ಮಾಡಿದ ಮೇಲೆ ಕೊಡುವುದು ಕೂಲಿ. ಆದರೆ ಕೂಲಿ ಆ ಮಗುವಿಗೆ ಬೇಕಾದದ್ದಾಗಿರಬೇಕು. ಐದಾರು ವಸ್ತು ಎದುರಿಗಿಟ್ಟು ಯಾವುದಕ್ಕೆ ಮೊದಲು ಕೈ ಹಾಕುತ್ತದೆ ನೋಡಿ. ಇವತ್ತಿನದು ನಾಳೆ ಬದಲಾಗುತ್ತದೆ, ಪ್ರತಿದಿನ ನೋಡಿ. ಒಂದು ಕೋಡುಬಳೆಯನ್ನು ಆರು ಚೂರು ಮಾಡಿ. ಉಯ್ಯಾಲೆಯಾದರೆ ನಾಲ್ಕು ಜೀಕು, ಹಾಡಾದರೆ ಹತ್ತು ಸೆಕೆಂಡು. ಕೆಲಸ ಆದ ಒಂದೆರಡು ಸೆಕೆಂಡಿನೊಳಗೆ ಸಿಗಬೇಕು. ಡಬ್ಬದ ಮುಚ್ಚಳ ತೆಗೆಯುವಷ್ಟರಲ್ಲಿ ಮಗು ಬೇರೇನೋ ಮಾಡಿರುತ್ತದೆ, ಕೂಲಿ ಅದಕ್ಕೆ ಸೇರಿಬಿಡುತ್ತದೆ. ಊಟವನ್ನು ಮಾತ್ರ ಯಾವತ್ತೂ ಕೂಲಿ ಮಾಡಬೇಡಿ.

ಕೈ ತೊಳೆಯುವುದನ್ನು ಕಲಿಸುವ ಚಿತ್ರಪಟ್ಟಿ ಎಲ್ಲ ಕಡೆ ಸಿಗುತ್ತದೆ, ಆದರೆ ಅದರಲ್ಲಿ ಒತ್ತುವ ಸೋಪು, ಎತ್ತುವ ನಲ್ಲಿ ಇರುತ್ತವೆ. ನಿಮ್ಮ ಬಚ್ಚಲಲ್ಲಿ ಬಕೆಟ್ಟು, ಚೊಂಬು ಇದ್ದರೆ ಪಟ್ಟಿ ನೀವೇ ಬರೆಯಬೇಕು. ಮೊದಲು ನೀವೇ ಒಮ್ಮೆ ತೊಳೆದು ಪ್ರತಿ ಚಲನೆ ಬರೆದುಕೊಳ್ಳಿ: ಚೊಂಬು ಅದ್ದು, ಎಡಗೈ ಮೇಲೆ ಸುರಿ, ಚೊಂಬು ಇಡು, ಸೋಪು ತಗೋ, ಐದು ಸಲ ಉಜ್ಜು, ಸೋಪು ಇಡು, ಮತ್ತೆ ಸುರಿ, ಒರೆಸು. ಒಂದು ಕೈಯಲ್ಲಿ ಚೊಂಬು ಹಿಡಿದು ಇನ್ನೊಂದು ತೊಳೆಯುವುದು ಎರಡು ಕೈಗೂ ಬೇರೆ ಬೇರೆ ಕೆಲಸ. ಸಣ್ಣ ಮಗುವಿಗೆ ಮೊದಲ ತಿಂಗಳು ನೀರು ನೀವೇ ಸುರಿಯುವುದು ವಾಸಿ. ಕಲಿಸುವುದು ಹಿಂದಿನಿಂದ. ಏಳು ಹಂತಕ್ಕೆ ನೀವು ಕೈ ಹಿಡಿದು ನೆರವಾಗಿ, ಕೊನೆಯ ‘ಒರೆಸು’ ಮಾತ್ರ ಮಗು ತಾನೇ ಮಾಡಲಿ. ಕೆಲಸ ಮುಗಿಸಿದ ಸಂತೋಷ ಮೊದಲ ದಿನವೇ ಮಗುವಿನದಾಗುತ್ತದೆ. ಹತ್ತು ಸಲಕ್ಕೆ ಎಂಟು ಸಲದಂತೆ ಮೂರು ದಿನ ತಾನಾಗಿ ಮಾಡಿದರೆ ಅದರ ಹಿಂದಿನ ಹಂತಕ್ಕೆ ಹೋಗಿ. ಚಡ್ಡಿ ಹಾಕುವುದಕ್ಕೂ ಇದೇ ದಾರಿ: ಸೊಂಟದ ಹತ್ತಿರದವರೆಗೆ ನೀವು ಏರಿಸಿ, ಕೊನೆಯ ಎಳೆತ ಮಗುವಿಗೆ ಬಿಡಿ.

ಇಲ್ಲಿ ತಪ್ಪುವುದು ಬಾಯಿಯಲ್ಲಿ. ‘ಸೋಪು ತಗೋ, ಉಜ್ಜು, ಹ್ಞಾ ಉಜ್ಜು’ ಅಂತ ಹೇಳುತ್ತಲೇ ಹೋದರೆ ಆ ಮಾತೂ ಕೆಲಸದ ಒಂದು ಭಾಗವಾಗಿಬಿಡುತ್ತದೆ. ನೀವು ಹೇಳುವ ತನಕ ಮಗು ಸೋಪು ಮುಟ್ಟದೆ ನಿಂತಿರುತ್ತದೆ. ಕೈಯ ನೆರವನ್ನು ಮಣಿಕಟ್ಟಿಗೆ, ಮೊಣಕೈಗೆ, ಭುಜಕ್ಕೆ ಅಂತ ಹಿಂದೆ ಸರಿಸುತ್ತಾ ತೆಗೆಯಬಹುದು. ಮಾತಿನ ನೆರವು ತೆಗೆಯುವುದು ಬಹಳ ಕಷ್ಟ. ಹಿಂದೆ ನಿಂತು ಮೌನವಾಗಿ ಕಲಿಸಿ, ಮಗು ಕೈ ಎಳೆದುಕೊಂಡರೆ ಬಿಡಿ.

ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡು ಕೊಟ್ಟರೆ ಮಾತು ಬರುವುದೇ ಇಲ್ಲ ಎಂಬ ಹೆದರಿಕೆ ಬೇಡ. ಕಾರ್ಡು ಮಾತಿಗೆ ಅಡ್ಡಿ ಅಂತ ಅಧ್ಯಯನಗಳು ತೋರಿಸಿಲ್ಲ. ‘ಪೆಕ್ಸ್’ ಎಂಬ ಆರು ಹಂತದ ಪದ್ಧತಿಯನ್ನು ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದರು. ಅದರ ಮೊದಲ ಹಂತಕ್ಕೆ ದೊಡ್ಡವರು ಇಬ್ಬರು ಬೇಕು: ಒಬ್ಬರು ಎದುರಿಗೆ ಬಾಳೆಹಣ್ಣು ಹಿಡಿದು, ಇನ್ನೊಬ್ಬರು ಬೆನ್ನ ಹಿಂದೆ. ಮಗು ಹಣ್ಣಿಗೆ ಕೈ ಚಾಚಿದಾಗ ಹಿಂದಿನವರು ಆ ಕೈಯಿಂದ ಕಾರ್ಡ್ ಎತ್ತಿಸಿ ಎದುರಿನವರ ಅಂಗೈಗೆ ಇಡಿಸಬೇಕು. ಎದುರಿನವರು ‘ಬಾಳೆಹಣ್ಣು’ ಅಂದು ಆಗಲೇ ಒಂದು ಚೂರು ಕೊಡಬೇಕು. ‘ಏನು ಬೇಕು?’ ಅಂತ ಯಾರೂ ಕೇಳಬಾರದು. ಕೇಳಿದರೆ ಮಗು ಮುಂದೆಯೂ ಕೇಳಿದಾಗ ಮಾತ್ರ ಕಾರ್ಡ್ ಕೊಡುತ್ತದೆ. ನಿಮ್ಮ ಮನೆಯ ಲೋಟ, ನಿಮ್ಮ ಮನೆಯ ಉಯ್ಯಾಲೆಯ ಫೋಟೊ ತೆಗೆದು, ಸುಮಾರು 5 ಸೆಂಟಿಮೀಟರ್ ಚೌಕಕ್ಕೆ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಹಿಂದೆ ವೆಲ್ಕ್ರೊ ಅಂಟಿಸಿ. ಲ್ಯಾಮಿನೇಶನ್ ಬಿಡಬೇಡಿ, ಮಲೆನಾಡಿನ ಜುಲೈ ತಿಂಗಳಲ್ಲಿ ಬರೀ ಕಾಗದ ವಾರಕ್ಕೇ ಮೆತ್ತಗಾಗುತ್ತದೆ.

ಮಳೆ ಅಂದಮೇಲೆ ಇನ್ನೊಂದು ಕಾರ್ಡ್. ಬೆಳಿಗ್ಗೆ ಯೂನಿಫಾರಂ ಹಾಕಿ ನಿಂತ ಮೇಲೆ ‘ಇವತ್ತು ಮಳೆ ರಜೆ’ ಅಂತ ಗೊತ್ತಾಗುವುದು ಇಲ್ಲಿ ಹೊಸದಲ್ಲ. ದಿನದ ಚಿತ್ರಪಟ್ಟಿ ನೋಡಿ ಸಿದ್ಧವಾದ ಮಗುವಿಗೆ ಅದು ನೆಲ ಕುಸಿದ ಹಾಗೆ. ಹಲ್ಲುಜ್ಜು, ತಿಂಡಿ, ಶಾಲೆ ಎಂಬ ಸಾಲಿನಲ್ಲಿ ‘ಶಾಲೆ’ ಕಾರ್ಡಿನ ಹಿಂಬದಿಗೆ ಕೊಡೆಯ ಚಿತ್ರ ಅಂಟಿಸಿ. ರಜೆ ಬಂದಾಗ ಮಗುವಿನ ಕೈಯಿಂದಲೇ ತಿರುಗಿಸಿ, ಪಕ್ಕದಲ್ಲಿ ಆ ದಿನದ ಬೇರೆ ಕೆಲಸ ಇಡಿ. ಇದನ್ನು ಮೇ ತಿಂಗಳಲ್ಲೇ ಆಟದಂತೆ ಅಭ್ಯಾಸ ಮಾಡಿಸಬೇಕು, ರಜೆಯ ದಿನ ಅಳುವಾಗ ಹೊಸದಾಗಿ ತೋರಿಸಿದರೆ ಕೆಲಸ ಮಾಡುವುದಿಲ್ಲ.

ಥೆರಪಿಸ್ಟ್ ಹುಡುಕುವವರು ಪ್ರಮಾಣಪತ್ರದ ಹೆಸರಿಗೆ ಮರುಳಾಗಬೇಡಿ. ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಕೇಳಿ. ಎಬಿಎ ಪರಿಣತರಿಗೆ ಕೊಡುವ ಅಮೆರಿಕದ ‘ಬಿಸಿಬಿಎ’ ಪ್ರಮಾಣಪತ್ರಕ್ಕೆ ಭಾರತದಿಂದ ಹೊಸ ಅರ್ಜಿ ತೆಗೆದುಕೊಳ್ಳುವುದು 2023ರಿಂದ ನಿಂತಿದೆ. ಕಾಗದಕ್ಕಿಂತ ಮುಖ್ಯವಾದದ್ದು ಬಾಗಿಲು. ಒಳಗೆ ಕೂತು ನೋಡಲು ಬಿಡುತ್ತಾರೋ? ಮೂರು ತಿಂಗಳ ಗುರಿ ಬರೆದು ಕೊಡುತ್ತಾರೋ? ಇವತ್ತು ಎಷ್ಟು ಸಲಕ್ಕೆ ಎಷ್ಟು ಸಲ ಸರಿಯಾಯಿತು ಅಂತ ಹಾಳೆ ತೋರಿಸುತ್ತಾರೋ? ಕೊನೆಯ ಹತ್ತು ನಿಮಿಷ ನಿಮ್ಮ ಕೈಯಿಂದ ಮಾಡಿಸಿ ತಿದ್ದುತ್ತಾರೋ? ತಂದೆತಾಯಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕುವ ಕಡೆ ನಾನಂತೂ ಮಗುವನ್ನು ಬಿಡಿ ಅನ್ನುವುದಿಲ್ಲ.

ಸರ್ಕಾರದ ಕಡೆಯಿಂದ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವಿಕಲತೆಗಳಲ್ಲಿ ಆಟಿಸಂ ಒಂದು. ಪ್ರಮಾಣ ಅಳೆಯುವುದು ‘ಐಸಾ’ ಎಂಬ 40 ಅಂಶಗಳ, 200 ಅಂಕದ ಮಾಪನದಿಂದ. 40 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಅಂಗವಿಕಲರ ಗುರುತಿನ ಚೀಟಿಯ (ಯುಡಿಐಡಿ) ಅರ್ಜಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು), ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು) ನೆರವಾಗುತ್ತಾರೆ. ಶಾಲೆಗೆ ಸೇರಿದ ಮಗುವಿಗೆ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಇಂಥ ಮಕ್ಕಳಿಗಾಗಿ ಇರುವ ಶಿಕ್ಷಕರು (ಬಿಐಇಆರ್‌ಟಿ) ಯಾರು ಅಂತ ಕೇಳಿ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು.

ಹಾಸನ, ಚಿಕ್ಕಮಗಳೂರು ನಮ್ಮ ಎರಡೂ ಜಿಲ್ಲೆಯವರಿಗೆ ಕನ್ನಡದಲ್ಲೇ ಪರೀಕ್ಷೆ, ಸಲಹೆ ಎರಡೂ ಸಿಗುವ ದೊಡ್ಡ ಜಾಗ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾತು ತಡವಾದ ಯಾವ ಮಗುವಿಗೂ ಮೊದಲು ಶ್ರವಣ ಪರೀಕ್ಷೆ ಆಗಲೇಬೇಕು, ಅಲ್ಲಿ ಅದೂ ಆಗುತ್ತದೆ. ಹೋಗುವಾಗ ಹತ್ತು ದಿನದ ನೋಟ್‌ಬುಕ್ ಜೊತೆಗಿರಲಿ. ಮನೆಯಲ್ಲೇ ತೆಗೆದ ಒಂದೊಂದು ನಿಮಿಷದ ಮೂರು ವಿಡಿಯೊ ಇಟ್ಟುಕೊಳ್ಳಿ: ಊಟ, ತಾನಾಗಿ ಆಡುವ ಆಟ, ಏನಾದರೂ ಕೇಳುವ ರೀತಿ. ಹೊಸ ಜಾಗದಲ್ಲಿ ಮಗು ಬಾಯಿ ಬಿಡದೆ ಕೂತರೂ ವಿಡಿಯೊದಲ್ಲಿ ‘ನೀರು ಬೇಕು’ ಅಂದದ್ದು ಅವರಿಗೆ ಕೇಳಿಸುತ್ತದೆ.